ಜ್ವರದಲ್ಲಿ ಮಲಗಿದ ದಿನಗಳ ಸಂಬಳ ಹಿಡಿಯಬಹುದೇ? ಏಳು ಜನರ ಅಂಗಡಿಗೆ ರಜೆಯ ಕಾನೂನು ಅನ್ವಯಿಸುತ್ತದೆಯೇ?

ಪ್ರಶ್ನೆ: ಕಿರ್ದಿ ಬರೆಯುವವ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ನಾನು ಆರು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಯಜಮಾನರನ್ನು ಬಿಟ್ಟರೆ ಅಲ್ಲಿ ನಾವು ಏಳು ಜನ: ಲೆಕ್ಕಕ್ಕೆ ಇಬ್ಬರು, ತೂಕಕ್ಕೆ ಒಬ್ಬರು, ಅಡಿಕೆ ಆರಿಸಿ ಚೀಲ ತುಂಬುವವರು ನಾಲ್ವರು. ನೇಮಕಾತಿ ಪತ್ರ ಯಾರಿಗೂ ಕೊಟ್ಟಿಲ್ಲ. ನನ್ನ ಸಂಬಳ ತಿಂಗಳಿಗೆ 17,000 ರೂಪಾಯಿ. ಅದು ಬ್ಯಾಂಕ್ ಖಾತೆಗೇ ಬರುತ್ತದೆ. ರವಿವಾರ ವಾರದ ರಜೆ.

2025ರ ಜುಲೈ 8, ಮಂಗಳವಾರದಿಂದ 16, ಬುಧವಾರದವರೆಗೆ ಡೆಂಗಿ ಜ್ವರದಿಂದ ಹಾಸಿಗೆ ಹಿಡಿದಿದ್ದೆ. ಮೊದಲ ದಿನ ಬೆಳಿಗ್ಗೆಯೇ ಫೋನ್ ಮಾಡಿ ತಿಳಿಸಿದ್ದೆ. ರಕ್ತಪರೀಕ್ಷೆಯ ವರದಿ, ವೈದ್ಯರು ಬರೆದುಕೊಟ್ಟ ಚೀಟಿ ಎರಡೂ ಇವೆ. ತಿಂಗಳ ಕೊನೆಗೆ ಸಂಬಳದಲ್ಲಿ 5,885 ರೂಪಾಯಿ ಹಿಡಿದಿದ್ದರು. ಹದಿನೇಳು ಸಾವಿರವನ್ನು 26ರಿಂದ ಭಾಗಿಸಿ ಒಂಬತ್ತರಿಂದ ಗುಣಿಸಿದ್ದಾಗಿ ಹೇಳಿದರು. ಆ ಕಡಿತವನ್ನು ಕಿರ್ದಿಯಲ್ಲಿ ಬರೆದವನೂ ನಾನೇ ಆದ್ದರಿಂದ ಅಂಕಿ ಚೆನ್ನಾಗಿಯೇ ನೆನಪಿದೆ.

ಅವರ ವಾದ ಎರಡು. ಇಷ್ಟು ಸಣ್ಣ ಅಂಗಡಿಗೆ ರಜೆಯ ಕಾನೂನು ಇಲ್ಲ ಎನ್ನುವುದು ಒಂದು. ಚೌತಿಗೆ, ದೊಡ್ಡಹಬ್ಬಕ್ಕೆ (ದೀಪಾವಳಿಗೆ) ಸಂಬಳ ಸಹಿತ ರಜೆ ಕೊಟ್ಟಿರುವಾಗ ಮತ್ತೆ ಯಾವ ರಜೆ ಎನ್ನುವುದು ಇನ್ನೊಂದು. ಅವರು ಕೆಟ್ಟವರಲ್ಲ, ನನ್ನ ತಂಗಿಯ ಮದುವೆಗೆ ಬಡ್ಡಿಯಿಲ್ಲದೆ ಮುಂಗಡ ಕೊಟ್ಟವರು. ಆದ್ದರಿಂದ ಜಗಳಕ್ಕೆ ಹೋಗುವ ಮೊದಲು ನನ್ನ ಕಡೆಗೆ ನ್ಯಾಯ ಎಷ್ಟಿದೆ ಎಂಬುದನ್ನು ತಿಳಿದುಕೊಳ್ಳಬೇಕೆಂದಿದ್ದೇನೆ.

ಉತ್ತರ 1: ರಿಜಿಸ್ಟರ್ ನೋಡಿಕೊಳ್ಳುವವ, ಹೊನ್ನಾವರ

ಸಣ್ಣ ಅಂಗಡಿಗಳ ಹಾಜರಿ, ಸಂಬಳದ ರಿಜಿಸ್ಟರ್‌ಗಳನ್ನು ಬರೆದುಕೊಡುವುದೇ ನನ್ನ ಉದ್ಯೋಗವಾದ್ದರಿಂದ ಇಂಥ ಪ್ರಶ್ನೆ ತಿಂಗಳಿಗೆ ಒಂದೆರಡಾದರೂ ನನ್ನ ಮುಂದೆ ಬರುತ್ತದೆ. ನಿಮ್ಮ ವಖಾರಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ. ಇಷ್ಟು ಜನರಿದ್ದರೆ ಮಾತ್ರ ರಜೆ ಎಂಬ ಮಾತು ಅದರ ರಜೆಯ ಕಲಮಿನಲ್ಲಿಲ್ಲ. ಒಬ್ಬನೇ ಗುಮಾಸ್ತನಿದ್ದರೂ ಅವನಿಗೆ ರಜೆ ಉಂಟು. ಹತ್ತು ಜನರ ಮಿತಿ ಇರುವುದು ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆಯಂಥ ಬೇರೆ ಕಾನೂನುಗಳಲ್ಲಿ. ಆ ಸಂಖ್ಯೆಯನ್ನು ಎಲ್ಲೋ ಕೇಳಿ ಎಲ್ಲದಕ್ಕೂ ಹಚ್ಚುವ ರೂಢಿ ನಮ್ಮ ಕಡೆಯ ಪೇಟೆಗಳಲ್ಲಿ ಬಹಳ ಇದೆ.

ಅದೇ ಅಧಿನಿಯಮದ 15ನೆಯ ಕಲಮಿನಲ್ಲಿ ಎರಡು ಬಗೆಯ ಸಂಬಳ ಸಹಿತ ರಜೆ ಇದೆ. ಒಂದು, ದುಡಿದು ಗಳಿಸುವ ರಜೆ: ವರ್ಷದಲ್ಲಿ 240 ದಿನ ಕೆಲಸ ಮಾಡಿದವನಿಗೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಮುಂದಿನ ವರ್ಷದಲ್ಲಿ ಸಿಗುವಂಥದ್ದು. ನೀವು 2024ರಲ್ಲಿ 280 ದಿನ ದುಡಿದಿದ್ದೀರಿ ಎಂದಿಟ್ಟುಕೊಂಡರೆ 2025ಕ್ಕೆ 14 ದಿನ ನಿಮ್ಮ ಹೆಸರಿಗೆ ಜಮಾ ಆಗಿರಬೇಕು. ಬಳಸದೆ ಉಳಿದದ್ದನ್ನು ಮುಂದಕ್ಕೆ ಒಯ್ಯಬಹುದು. ಆ ಮಿತಿ ಮೊದಲು 30 ದಿನ ಇದ್ದದ್ದು ಈಗ 45 ಆಗಿದೆ. ಎರಡನೆಯದು ಕಾಯಿಲೆ ಬಿದ್ದಾಗ, ಅಪಘಾತವಾದಾಗ ಅಥವಾ ಬೇರೆ ಯೋಗ್ಯ ಕಾರಣವಿದ್ದಾಗ ವರ್ಷಕ್ಕೆ 12 ದಿನ ಮೀರದಂತೆ ಕೊಡಬೇಕಾದ ರಜೆ. ಇದಕ್ಕೆ ಮೊದಲು ಇಷ್ಟು ದಿನ ದುಡಿದಿರಬೇಕೆಂಬ ಷರತ್ತಿಲ್ಲ. ನಿಮ್ಮ ಜ್ವರದ ದಿನಗಳು ಈ ಹನ್ನೆರಡರೊಳಗೇ ಬರುತ್ತವೆ; ಗಳಿಸಿದ ಹದಿನಾಲ್ಕನ್ನು ಮುಟ್ಟುವ ಅಗತ್ಯವೇ ಇಲ್ಲ.

ಹಬ್ಬದ ರಜೆಯ ಕಾನೂನು ಮೂರನೆಯದು, ಅದು ಪೂರ್ತಿ ಬೇರೆ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಅಧಿನಿಯಮದ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಇವುಗಳ ಜೊತೆಗೆ ಐದು ಹಬ್ಬಗಳು, ಒಟ್ಟು ಹತ್ತು ದಿನ. ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದೊಂದಿಗೆ ಬದಲಿ ರಜೆ ಕೊಡಬೇಕು. ಚೌತಿಯ ರಜೆಯನ್ನು ತೋರಿಸಿ ಜ್ವರದ ರಜೆಯನ್ನು ತಳ್ಳಿಹಾಕುವುದೆಂದರೆ ಒಬ್ಬರ ಖಾತೆಯ ಜಮೆಯನ್ನು ಇನ್ನೊಬ್ಬರ ಸಾಲಕ್ಕೆ ವಜಾ ಹಾಕಿದಂತೆ. ಕಿರ್ದಿ ಬರೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಒಂದು ತಪ್ಪು ನಿಮ್ಮ ಕಣ್ಣಿಗೂ ಬಿದ್ದಂತಿಲ್ಲ. ಜುಲೈ 8ರಿಂದ 16ರ ನಡುವೆ 13ನೇ ತಾರೀಖು ರವಿವಾರ. ತಿಂಗಳನ್ನು 26ರಿಂದ ಭಾಗಿಸುವುದೇ ರವಿವಾರಗಳನ್ನು ಬಿಟ್ಟು ಲೆಕ್ಕ ಹಾಕುವುದಕ್ಕಾಗಿ. ಹಾಗೆ ಭಾಗಿಸಿ, ಮತ್ತೆ ರವಿವಾರವನ್ನೂ ಗೈರುಹಾಜರಿಗೆ ಸೇರಿಸಿ ಒಂಬತ್ತರಿಂದ ಗುಣಿಸಿದ್ದಾರೆ. ಗೈರುಹಾಜರಿ ಎಂದೇ ಒಪ್ಪಿಕೊಂಡರೂ ಎಂಟು ದಿನಕ್ಕೆ ಆಗುವುದು 5,231 ರೂಪಾಯಿ. ಉಳಿದ 654 ರೂಪಾಯಿಗೆ ಯಾವ ವಾದವೂ ನಿಲ್ಲುವುದಿಲ್ಲ. ಮಾತುಕತೆಯನ್ನು ಇಲ್ಲಿಂದಲೇ ಆರಂಭಿಸಿ ಎನ್ನುವುದು ನನ್ನ ಸಲಹೆ. ಕಾನೂನಿನ ಪುಸ್ತಕಕ್ಕಿಂತ ಗೋಡೆಯ ಮೇಲಿನ ಕ್ಯಾಲೆಂಡರಿಗೆ ವ್ಯಾಪಾರಸ್ಥರು ಬೇಗ ಒಪ್ಪುತ್ತಾರೆ.

ಒಪ್ಪದಿದ್ದರೆ ಎಲ್ಲವನ್ನೂ ಒಂದು ಪುಟದಲ್ಲಿ ಬರೆದು, ವೈದ್ಯರ ಚೀಟಿಯ ನಕಲು ಲಗತ್ತಿಸಿ ಯಜಮಾನರಿಗೆ ಕೊಡಿ. ಇನ್ನೊಂದು ಪ್ರತಿಯ ಮೇಲೆ ಮುಟ್ಟಿದ ಬಗ್ಗೆ ಸಹಿ ಪಡೆಯಿರಿ. ಅದರ ಮೇಲೂ ಆಗದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು. ಇಲಾಖೆಯ ಸಹಾಯವಾಣಿ 155214. ನೇಮಕಾತಿ ಪತ್ರವನ್ನು ಕೆಲಸಕ್ಕೆ ಸೇರಿದ 30 ದಿನಗಳೊಳಗೆ ಕೊಡಬೇಕೆಂದು ಇದೇ ಅಧಿನಿಯಮ ಹೇಳುತ್ತದೆ. ಅದು ಇಲ್ಲದಿದ್ದರೂ ಬ್ಯಾಂಕಿನ ಪಾಸ್‌ಬುಕ್ಕೇ ನಿಮ್ಮ ನೌಕರಿಗೆ ಸಾಕ್ಷಿ.

ಉತ್ತರ 2: ಬಟ್ಟೆ ಅಂಗಡಿ, ಕುಮಟಾ

ನಾನು ಯಜಮಾನರ ಸ್ಥಾನದಲ್ಲಿ ಕೂರುವವನು, ಆದ್ದರಿಂದ ಅವರ ಕಡೆಯ ಎರಡು ಮಾತು ಹೇಳುತ್ತೇನೆ. ನನ್ನಲ್ಲಿ ಮೂವರು ಕೆಲಸಕ್ಕಿದ್ದಾರೆ. ಒಬ್ಬರು ಬಾರದಿದ್ದರೆ ಗಲ್ಲಾ ಬಿಟ್ಟು ನಾನೇ ಸೀರೆ ಬಿಚ್ಚಿ ತೋರಿಸಬೇಕು. ಮದುವೆಯ ಸುಗ್ಗಿಯಲ್ಲಿ ಇಬ್ಬರು ಒಟ್ಟಿಗೆ ತಪ್ಪಿಸಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಈ ಕಷ್ಟ ನಿಜವಾದದ್ದೇ. ಆದರೆ ಅದಕ್ಕೂ ಕಾಯಿಲೆ ಬಿದ್ದವನ ಸಂಬಳ ಹಿಡಿಯುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ತಿಳಿಯಲು ನನಗೂ ಕೆಲವು ವರ್ಷ ಹಿಡಿಯಿತು.

ಮೊದಲು ನಾನೂ ನಿಮ್ಮ ಯಜಮಾನರಂತೆಯೇ ಮಾಡುತ್ತಿದ್ದೆ. ಅದರ ಫಲವಾಗಿ ಹುಡುಗರು ಜ್ವರವಿದ್ದರೂ ಕೆಲಸಕ್ಕೆ ಬಂದು, ಕೌಂಟರಿನ ಹಿಂದೆ ಥಾನುಗಳಿಗೆ ಒರಗಿ ತೂಕಡಿಸುತ್ತಿದ್ದರು. ಒಂದು ಆಷಾಢದಲ್ಲಿ ಮೂವರಿಗೂ ಒಬ್ಬರಾದ ಮೇಲೆ ಒಬ್ಬರಿಗೆ ಜ್ವರ ಹತ್ತಿ, ನಾಲ್ಕು ದಿನ ಅಂಗಡಿಯನ್ನೇ ತೆರೆಯಲಾಗಲಿಲ್ಲ. ಈಗ ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಒಬ್ಬೊಬ್ಬರಿಗೆ ಒಂದು ಪುಟ, ಎಡಕ್ಕೆ ಜಮೆಯಾದ ರಜೆ, ಬಲಕ್ಕೆ ಖರ್ಚಾದದ್ದು, ತಿಂಗಳ ಕೊನೆಗೆ ಅವರದೇ ಸಹಿ. ಅಂದಿನಿಂದ ರಜೆಯ ವಿಷಯದಲ್ಲಿ ತಕರಾರು ಬಂದಿಲ್ಲ.

ವೈದ್ಯರ ಪ್ರಮಾಣಪತ್ರದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಂದೆರಡು ದಿನದ ಜ್ವರಕ್ಕೆ ಅದನ್ನು ಕೇಳುವುದು ಸರಿಯಲ್ಲ. ಮಳೆಗಾಲದಲ್ಲಿ ಘಟ್ಟದ ಬುಡದ ಹಳ್ಳಿಯಿಂದ ಒಂದು ಕಾಗದಕ್ಕಾಗಿ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಬಾ ಎಂದರೆ ಇಲ್ಲದ ಕಾಯಿಲೆಯೂ ಬಂದೀತು. ಮೂರು ದಿನ ದಾಟಿದರೆ ಕೇಳುತ್ತೇನೆ. ಆದರೆ ಬೆಳಿಗ್ಗೆ ಒಂಬತ್ತರೊಳಗೆ ಫೋನ್ ಬರಲೇಬೇಕು, ಅದರಲ್ಲಿ ರಾಜಿಯಿಲ್ಲ.

ಉತ್ತರ 3: ಊರು ಕಾರವಾರ, ಕೆಲಸ ದಾಂಡೇಲಿ

ಪ್ರಶ್ನೆ ಕೇಳಿದವರಿಗೆ ನೇರವಾಗಿ ಅನ್ವಯಿಸದಿದ್ದರೂ, ದೊಡ್ಡ ಜಾಗದಲ್ಲಿ ದುಡಿಯುವವರು ಈ ಚರ್ಚೆಯನ್ನು ಓದಿ ಗೊಂದಲಕ್ಕೆ ಬೀಳಬಾರದೆಂದು ಬರೆಯುತ್ತಿದ್ದೇನೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿದ್ದು ಇ.ಎಸ್.ಐ. ಅನ್ವಯವಾಗಿರುವ ಕಡೆ, ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರ ವೇತನದಿಂದ ಶೇ. 0.75 ಕಡಿತವಾಗುತ್ತದೆ, ಮಾಲೀಕರು ಶೇ. 3.25 ಸೇರಿಸುತ್ತಾರೆ. ಆರು ತಿಂಗಳ ವಂತಿಗೆಯ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ತುಂಬಿದ್ದರೆ, ಕಾಯಿಲೆಯ ಕಾಲಕ್ಕೆ ಸರಾಸರಿ ದಿನಗೂಲಿಯ ಶೇ. 70ರಂತೆ ವರ್ಷಕ್ಕೆ 91 ದಿನದವರೆಗೆ ಹಣ ಸಿಗುತ್ತದೆ. ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಸಿಗುವುದಿಲ್ಲ.

ನನಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾದಾಗ ಒಂದು ವಿಷಯ ಗೊತ್ತಿರಲಿಲ್ಲ: ಕಂಪನಿಯ ಸಂಬಳ ಸಹಿತ ರಜೆಯಲ್ಲಿದ್ದ ದಿನಗಳಿಗೆ ಇ.ಎಸ್.ಐ. ಹಣವನ್ನೂ ಪಡೆಯುವಂತಿಲ್ಲ. ನಾನು ಮೊದಲ ಹತ್ತು ದಿನಕ್ಕೆ ಗಳಿಕೆ ರಜೆ ಬರೆದುಕೊಟ್ಟು, ಅವೇ ದಿನಗಳಿಗೆ ಅಲ್ಲಿಯೂ ಅರ್ಜಿ ಹಾಕಿ, ಎರಡು ಸಲ ಅಲೆದು ವಾಪಸು ಬಂದೆ. ದಾಂಡೇಲಿಯಲ್ಲಿ ಇ.ಎಸ್.ಐ. ಆಸ್ಪತ್ರೆ ಇರುವುದರಿಂದ ಅಲೆದಾಟ ಅಷ್ಟಕ್ಕೇ ಮುಗಿಯಿತು. ಕಾಯಿಲೆ ದೀರ್ಘವೆಂದು ತಿಳಿದಿದ್ದರೆ ಯಾವ ದಿನಕ್ಕೆ ಯಾವುದನ್ನು ಬಳಸುವುದೆಂದು ಮೊದಲೇ ಕುಳಿತು ಲೆಕ್ಕ ಹಾಕಿ.

ಇನ್ನೊಂದು ವಿಷಯ: 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ಹತ್ತು ಜನ ಹಾಗೂ ಹೆಚ್ಚಿನವರಿರುವ ಕಡೆ ಗಳಿಕೆ ರಜೆಗೆ 240 ದಿನದ ಬದಲು 180 ದಿನ ದುಡಿದಿದ್ದರೆ ಸಾಕು. ವರ್ಷದ ನಡುವೆ ಕೆಲಸಕ್ಕೆ ಸೇರಿದವರಿಗೆ ಇದು ಸಣ್ಣ ಲಾಭವಲ್ಲ.

ಮರುಮಾತು: ಕಿರ್ದಿ ಬರೆಯುವವ, ಶಿರಸಿ

ಮೂವರಿಗೂ ಕೃತಜ್ಞತೆಗಳು. ಹೊನ್ನಾವರದವರು ಹೇಳಿದಂತೆ ಕ್ಯಾಲೆಂಡರನ್ನೇ ಎದುರಿಗಿಟ್ಟೆ. ಯಜಮಾನರು ಜುಲೈ 13ರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, 654 ರೂಪಾಯಿಯನ್ನು ಅಲ್ಲೇ ಎಣಿಸಿ ಕೊಟ್ಟರು. ಉಳಿದದ್ದಕ್ಕೆ ವೈದ್ಯರ ಚೀಟಿಯ ನಕಲು ಕೇಳಿದ್ದಾರೆ. ಈ ತಿಂಗಳ ಸಂಬಳದೊಂದಿಗೆ ನೋಡೋಣ ಎಂದಿದ್ದಾರೆ. ಬರಲಿರುವ ಮಾರಿ ಜಾತ್ರೆಗೆ ಯಾರಿಗೆ ಯಾವ ದಿನ ರಜೆ ಎಂಬುದನ್ನು ಈಗಲೇ ಬರೆದಿಡಲು ಅವರಾಗಿಯೇ ಹೇಳಿದರು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಇಷ್ಟರವರೆಗೆ ನಾವು ಸರದಿಯಂತೆ ಕದ್ದು ಹೋಗಿ ಬರುತ್ತಿದ್ದೆವು.

ಒಂದು ಸಂಶಯ ಉಳಿದಿದೆ. ಅಡಿಕೆ ಆರಿಸುವ ನಾಲ್ವರಿಗೆ ತಿಂಗಳ ಸಂಬಳವಿಲ್ಲ, ಆರಿಸಿದ ತೂಕದ ಮೇಲೆ ಕೂಲಿ. ಅವರಿಗೂ ಈ ರಜೆ ಸಲ್ಲುತ್ತದೆಯೇ? ನನ್ನ ವಿಷಯ ಇತ್ಯರ್ಥವಾಗುತ್ತಿರುವುದನ್ನು ನೋಡಿ ಅವರಲ್ಲೊಬ್ಬ ಅಕ್ಕ ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ: ರಿಜಿಸ್ಟರ್ ನೋಡಿಕೊಳ್ಳುವವ, ಹೊನ್ನಾವರ

ಸಲ್ಲುತ್ತದೆ. ನೌಕರ ಎಂದರೆ ಯಾರು ಎಂಬುದನ್ನು ಹೇಳುವಾಗಲೇ ಅಧಿನಿಯಮ ತುಂಡು ಲೆಕ್ಕದ ಕೂಲಿಯವರನ್ನೂ ಗುತ್ತಿಗೆಯವರನ್ನೂ ಸೇರಿಸಿಕೊಂಡಿದೆ. ಕಷ್ಟವಿರುವುದು ದುಡಿದ ದಿನಗಳನ್ನು ತೋರಿಸುವುದರಲ್ಲಿ. ಹಾಜರಿ ಪುಸ್ತಕದಲ್ಲಿ ಆ ನಾಲ್ವರ ಹೆಸರಿದೆಯೇ ಎಂದು ಮೊದಲು ನೋಡಿ. ಎಷ್ಟೋ ವಖಾರಿಗಳಲ್ಲಿ ಅವರ ದುಡಿಮೆಗೆ ಇರುವ ದಾಖಲೆ ದಿನದ ಕೊನೆಗೆ ಬರೆಯುವ ತೂಕದ ಚೀಟಿ ಮಾತ್ರ. ನಿಮ್ಮಲ್ಲೂ ಹಾಗೆಯೇ ಇದ್ದರೆ ತಾರೀಖು ಸಹಿತ ಆ ಚೀಟಿಗಳನ್ನು ದಾರಕ್ಕೆ ಪೋಣಿಸಿ ಜೋಪಾನವಾಗಿಡಲು ಆ ಅಕ್ಕನಿಗೆ ಇವತ್ತೇ ಹೇಳಿ.