ದಾಖಲಾಗಿದ್ದ ನಾಯಿಯ ವರದಿ ಕೇಳಿದರೆ ಕ್ಲಿನಿಕ್‌ನವರು ಉತ್ತರವನ್ನೇ ಕೊಡುತ್ತಿಲ್ಲ

ಪ್ರಶ್ನೆ (ಮೈಸೂರು)

ನಮ್ಮ ಲ್ಯಾಬ್ರಡಾರ್ ನಾಯಿ ಊಟ ಬಿಟ್ಟು, ಜ್ವರ ಬಂದು, ಒಸಡು ಬಿಳಿಚಿಕೊಂಡಾಗ ಹತ್ತಿರದ ಖಾಸಗಿ ಕ್ಲಿನಿಕ್‌ಗೆ ಸೇರಿಸಿದೆವು. ರಕ್ತ ಪರೀಕ್ಷೆ ಮಾಡಿದ ವೈದ್ಯರು ‘ಟಿಕ್ ಫೀವರ್, ಪ್ಲೇಟ್‌ಲೆಟ್ ಕಡಿಮೆಯಾಗಿದೆ’ ಎಂದಷ್ಟೇ ಹೇಳಿ ಒಳಗೆ ಹೋದರು. ಅದು ಅಲ್ಲಿದ್ದಷ್ಟು ದಿನವೂ ಕ್ಲಿನಿಕ್‌ನಿಂದ ಒಂದು ಕರೆಯೂ ಬರಲಿಲ್ಲ. ನಾವಾಗಿಯೇ ಕರೆ ಮಾಡಿದರೆ ಕೌಂಟರ್‌ನವರು ‘ಡಾಕ್ಟರ್ ಆಪರೇಷನ್‌ನಲ್ಲಿದ್ದಾರೆ, ಆಮೇಲೆ ಮಾಡಿ’ ಎನ್ನುತ್ತಿದ್ದರು. ರಕ್ತ ಕೊಡಿಸಬೇಕಾಗಬಹುದು, ಹಣ ಹೊಂದಿಸಿಕೊಳ್ಳಿ ಎಂದು ಬೆಳಗಿನ ಪಾಳಿಯ ವೈದ್ಯರು ಹೇಳಿದರೆ, ಸಂಜೆಯವರಿಗೆ ಆ ವಿಷಯವೇ ತಿಳಿದಿರಲಿಲ್ಲ.

ನಾಯಿ ಈಗ ಮನೆಗೆ ಬಂದು ಚೇತರಿಸಿಕೊಳ್ಳುತ್ತಿದೆ. ಚಿಕಿತ್ಸೆ ಕೆಟ್ಟದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಕರೆದುಕೊಂಡು ಬರುವಾಗ ನಮ್ಮ ಕೈಗೆ ಸಿಕ್ಕಿದ್ದು ‘ಇಂಜೆಕ್ಷನ್’, ‘ಲ್ಯಾಬ್’, ‘ಇತರೆ’ ಎಂದು ಮೊತ್ತ ಬರೆದ ಬಿಲ್ ಮತ್ತು ಕಾಗದದ ಕವರ್‌ನಲ್ಲಿ ಹಾಕಿದ, ಹೆಸರಿದ್ದ ಕಡೆ ಕತ್ತರಿಸಿಹೋಗಿರುವ ಮಾತ್ರೆಗಳ ಸ್ಟ್ರಿಪ್ ಮಾತ್ರ. ಎಷ್ಟು ದಿನ ಕೊಡಬೇಕೆಂದು ಕೇಳಿದರೆ ‘ಮುಗಿಯುವ ತನಕ’ ಎಂದರು. ವರದಿ ಕೇಳಿ ವಾಟ್ಸಾಪ್‌ನಲ್ಲಿ ಕಳುಹಿಸಿದ ಸಂದೇಶಗಳನ್ನು ಓದಿದ್ದಾರೆ, ಉತ್ತರಿಸಿಲ್ಲ. ನಮ್ಮ ನಾಯಿಗೆ ಏನಾಗಿತ್ತು, ಏನು ಕೊಟ್ಟರು ಎಂಬುದನ್ನು ತಿಳಿಯಲು ನಾವು ಇನ್ನೇನು ಮಾಡಬಹುದು?

ಉತ್ತರ 1 (ಪಶುವೈದ್ಯೆ, ಹಾಸನ)

ಮೊದಲು ಮಾತ್ರೆಯ ಹೆಸರನ್ನು ತಿಳಿದುಕೊಳ್ಳಿ. ಅಲ್ಲಿಯವರೆಗೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಟಿಕ್ ಫೀವರ್ ಎಂದು ನಾವೆಲ್ಲ ಒಂದೇ ಹೆಸರಿನಿಂದ ಕರೆಯುವುದು ಉಣುಗುಗಳಿಂದ ಹರಡುವ ಹಲವು ರೋಗಗಳನ್ನು. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಅನ್ನು ಸಾಮಾನ್ಯವಾಗಿ 28 ದಿನ ಕೊಡಲಾಗುತ್ತದೆ, ನಾಯಿ ಲವಲವಿಕೆಯಿಂದ ಓಡಾಡತೊಡಗಿತೆಂದು ನಡುವೆ ಬಿಡುವಂತಿಲ್ಲ. ಕೆಂಪು ರಕ್ತಕಣಗಳೊಳಗೆ ಬೆಳೆಯುವ ಬಬೇಸಿಯಾ ಎಂಬ ಪರೋಪಜೀವಿಯಾಗಿದ್ದರೆ ಡಾಕ್ಸಿಸೈಕ್ಲಿನ್ ಒಂದೇ ಸಾಲದು, ಬೇರೆ ಔಷಧಿಗಳೇ ಬೇಕು. ಆದ್ದರಿಂದ ಯಾವ ರೋಗ, ಯಾವ ಔಷಧಿ ಎಂಬ ಮಾಹಿತಿ ಮುಂದಿನ ವೈದ್ಯರಿಗೂ ಅಗತ್ಯ. ರಕ್ತ ಪರೀಕ್ಷೆಯ ಮೊದಲ ಮತ್ತು ಕೊನೆಯ ವರದಿ, ಕೇಸ್ ಶೀಟ್‌ನ (ದಿನದಿನದ ಚಿಕಿತ್ಸೆ ಬರೆದಿಡುವ ಹಾಳೆಯ) ಪ್ರತಿ, ಔಷಧಿಗಳ ಹೆಸರು ಮತ್ತು ಪ್ರಮಾಣ ಇಷ್ಟನ್ನೂ ಕೇಳಿ.

ಕೆಲಸದ ಒತ್ತಡ ನಮ್ಮಲ್ಲಿ ನಿಜವಾಗಿಯೂ ಇದೆ. ಆದರೂ ದಾಖಲಾದ ಪ್ರಾಣಿಯ ಮನೆಯವರಿಗೆ ದಿನಕ್ಕೊಮ್ಮೆ ಕರೆ ಮಾಡುವುದು, ಪಾಳಿ ಬದಲಾಗುವಾಗ ಕೇಸ್ ಶೀಟ್ ಓದಿ ಹೇಳಿಹೋಗುವುದು ಚಿಕಿತ್ಸೆಯ ಭಾಗವೇ ಎಂದು ನಾನು ನಂಬುತ್ತೇನೆ.

ಉತ್ತರ 2 (ವಕೀಲರು, ಬೆಂಗಳೂರು)

ವಾಟ್ಸಾಪ್ ಬಿಟ್ಟು ಲಿಖಿತ ಮನವಿ ಕೊಡಿ. ಪ್ರತಿಯ ಮೇಲೆ ದಿನಾಂಕ, ಸಹಿ, ಮೊಹರು ಹಾಕಿಸಿಕೊಳ್ಳಿ, ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ಹಲವರು ಹೇಳುವ ನಿಯಮವು ಮನುಷ್ಯರ ವೈದ್ಯರಿಗೆ ಅನ್ವಯಿಸುವ 2002ರ ನಿಯಮಾವಳಿಯದು, ಅದನ್ನು ಇಲ್ಲಿ ಉಲ್ಲೇಖಿಸಬೇಡಿ. ಪಶುವೈದ್ಯರ ವೃತ್ತಿ ನಡವಳಿಕೆಗೆ 1992ರ ಪ್ರತ್ಯೇಕ ನಿಯಮಾವಳಿ ಇದೆ, ನೋಂದಾಯಿತ ವೈದ್ಯರ ವಿರುದ್ಧ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಶುಲ್ಕ ಪಡೆದು ನೀಡುವ ಸೇವೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕಾಲಮಿತಿ 2 ವರ್ಷ, ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ನಿಮಗೆ ಬೇಕಿರುವುದು ವರದಿ, ಹಾಗಾಗಿ ಮೊದಲ ಪತ್ರದಲ್ಲೇ ಬೆದರಿಕೆಯ ಮಾತು ಬೇಡ.

ಉತ್ತರ 3 (ಧಾರವಾಡ)

ನಮ್ಮ ಬೆಕ್ಕನ್ನು ಸೇರಿಸುವಾಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ‘ದಿನವೂ ಯಾರು, ಎಷ್ಟು ಗಂಟೆಗೆ ಕರೆ ಮಾಡುತ್ತಾರೆ?’ ಎಂದು ಕೇಳಿ, ಅವರು ಹೇಳಿದ್ದನ್ನು ಅದರ ಮೇಲೆಯೇ ಬರೆಸಿದ್ದೆವು. ಯಾರೂ ಬೇಸರಪಡಲಿಲ್ಲ, ಕರೆಗಳೂ ಬಂದವು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪತ್ರ ಕೊಟ್ಟು ಸಹಿ ಪಡೆದ ಮೇಲೆ ಲ್ಯಾಬ್ ವರದಿ ಸಿಕ್ಕಿತು: ಎರ್ಲಿಕಿಯಾ ಎಂದು ಬರೆದಿದೆ, ಮಾತ್ರೆ ಡಾಕ್ಸಿಸೈಕ್ಲಿನ್. ಕವರ್‌ನಲ್ಲಿರುವ ಮಾತ್ರೆಗಳು 28 ದಿನಕ್ಕೆ ಸಾಲುವುದಿಲ್ಲ, ಹಾಗಾಗಿ ವರದಿಯೊಂದಿಗೆ ನಾಳೆ ಬೇರೆ ವೈದ್ಯರನ್ನು ಕಾಣುತ್ತಿದ್ದೇವೆ. ಕೇಸ್ ಶೀಟ್ ಇನ್ನೂ ಬಂದಿಲ್ಲ.