ಮೂರನೇ ಗುಂಡು ನಳಿಗೆಯ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿದೆ: ಬಟ್ಟೆ ತಪ್ಪೋ, ಎಣ್ಣೆ ತಪ್ಪೋ?

ಮಂಜಿನೂರು:
ಊರು ಕೊಡಗು, ಈಗ ಇರುವುದು ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಕ್ರಿಸ್‌ಮಸ್ ಮರುದಿನದಿಂದ ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ) ಕೋವಿಗೆಂದೇ ಜಿಂಕೆ ಬೇಟೆಯ ಸೀಸನ್ ಶುರುವಾಗುತ್ತದೆ. ಅದಕ್ಕೆಂದು .50 ಕ್ಯಾಲಿಬರ್ (ನಳಿಗೆಯ ಒಳಗಲ ಅರ್ಧ ಇಂಚು) ರೈಫಲ್ ಕೊಂಡೆ. ನಳಿಗೆಯೊಳಗಿನ ಗಾಡಿಗಳ (ತಿರುಚಿ ಕೊರೆದ ಗೀರುಗಳ) ತಿರುವು 48 ಇಂಚಿಗೆ ಒಂದು ಸುತ್ತು. .490 ಇಂಚಿನ ಸೀಸದ ಉಂಡೆ, 90 ಗ್ರೇನ್ (ಸುಮಾರು ಆರು ಗ್ರಾಂ) ಎಫ್‌ಎಫ್‌ಜಿ ಎಂಬ ತರಿಯ ಕಪ್ಪು ಮದ್ದು. ಉಂಡೆಗೆ ಸುತ್ತುವ ಬಟ್ಟೆ ಹಳೇ ಪಂಚೆಯದು, ಸವರಿದ್ದು ತೆಂಗಿನೆಣ್ಣೆ. ನಗಬೇಡಿ! 50 ಗಜಕ್ಕೆ ಗುಂಡುಗಳು ಒಂದಡಿ ಚದುರುತ್ತವೆ. ಮೂರನೆಯದು ಅರ್ಧಕ್ಕೇ ನಿಂತುಬಿಡುತ್ತದೆ. ನಮ್ಮ ಆಯುಧ ಹಬ್ಬ ಕೈಲ್ ಪೊಳ್ದ್‌ಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತಿದ್ದ ಅಜ್ಜನ ಕೇಪಿನ (ಬಡಿದರೆ ಸಿಡಿಯುವ ಪುಟ್ಟ ಟೋಪಿಯ) ಕೋವಿಗೆ ಈ ರಗಳೆ ಇರಲಿಲ್ಲ. ಮದ್ದು, ಕತ್ತದ ನಾರು, ಚರೆ (ಸೀಸದ ಸಣ್ಣ ಕಾಳು), ಗಜದಲ್ಲಿ (ನಳಿಗೆಗೆ ತುರುಕುವ ಕಡ್ಡಿ) ನಾಲ್ಕು ಗುದ್ದು, ಮುಗೀತು.

ಗಜಕಡ್ಡಿ:
ಮೊದಲು ಜೀವದ ಮಾತು. ಅರ್ಧದಲ್ಲಿ ನಿಂತ ಗುಂಡನ್ನು ಹಾರಿಸಲೇಬೇಡಿ. ಮದ್ದಿಗೂ ಉಂಡೆಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಒಳಗೆ ನೀರು ಹಾಕಿ ಮದ್ದು ಪೂರ್ತಿ ನೆನೆಸಿ, ಆಮೇಲೆ ಗಜದ ತುದಿಗೆ ಸ್ಕ್ರೂ ಹಾಕಿ ಉಂಡೆ ಎಳೆಯಿರಿ. ಈಡು (ಮದ್ದು, ಉಂಡೆ ಎರಡೂ) ತಳ ಮುಟ್ಟಿದಾಗ ಗಜ ಎಲ್ಲಿಗೆ ನಿಲ್ಲುತ್ತದೆ ಅಂತ ಒಂದು ಗೆರೆ ಗೀಚಿಟ್ಟುಕೊಳ್ಳಿ.

ಅಜ್ಜನ ಕೋವಿಯ ಒಳಗೆ ನುಣುಪು. ನಿಮ್ಮದರಲ್ಲಿ ಗಾಡಿಗಳಿವೆ. ಆ ಗಾಡಿ ಹಿಡಿಯುವುದು ಉಂಡೆಯನ್ನಲ್ಲ, ಬಟ್ಟೆಯನ್ನು. ಹಾರಿಸಿದ ಬಟ್ಟೆ ಹತ್ತು ಹದಿನೈದು ಹೆಜ್ಜೆ ಮುಂದೆ ಬಿದ್ದಿರುತ್ತದೆ. ಹೆಕ್ಕಿ ನೋಡಿದ್ದೀರಾ?

ಮಂಜಿನೂರು:
ಇವತ್ತು ಹುಡುಕಿದೆ. ನಾಲ್ಕು ಸಿಕ್ಕವು. ಮೂರರಲ್ಲಿ ಸುತ್ತಲೂ ಸುಟ್ಟ ತೂತು, ಇನ್ನೊಂದು ಬರೀ ಚಿಂದಿ.

ಗಜಕಡ್ಡಿ:
ಹಾಗಾದರೆ ಬಟ್ಟೆಯೇ ಕಳ್ಳ. ಲೆಕ್ಕ ನೋಡಿ: .50 ನಳಿಗೆ, .490 ಉಂಡೆ. ಎರಡೂ ಪಕ್ಕ 0.005 ಇಂಚು ಖಾಲಿ, ಅದರ ಮೇಲೆ ಗಾಡಿಯ ಆಳ ಬೇರೆ. ಪಂಚೆ ಅಷ್ಟನ್ನು ತುಂಬಲ್ಲ. ಬೆಂಕಿ ಪಕ್ಕದಿಂದ ನುಗ್ಗಿ ಬಟ್ಟೆ ಸುಡುತ್ತದೆ, ಉಂಡೆ ತಿರುವು ಹಿಡಿಯದೆ ಹೋಗುತ್ತದೆ. ಹಾಸಿಗೆಗೆ ಹೊಲಿಯುವ ಒತ್ತು ನೇಯ್ಗೆಯ ಹತ್ತಿ ಬಟ್ಟೆ ತನ್ನಿ, ದಪ್ಪ 0.015ರಿಂದ 0.018. ಒಮ್ಮೆ ಒಗೆದು ಗಂಜಿ ಬಿಡಿಸಿ. ಪಾಲಿಯೆಸ್ಟರ್ ಬೆರೆತದ್ದು ಬೇಡ, ಕರಗಿ ಅಂಟುತ್ತದೆ.

90 ಗ್ರೇನ್ ಯಾಕೆ? 60ಕ್ಕೆ ಇಳಿಸಿ, ಐದೈದೇ ಏರಿಸಿ. ಕೋವಿಯ ಕೈಪಿಡಿ ಹೇಳಿದ ಮಿತಿ ದಾಟಬೇಡಿ. ಅಳತೆ ಪಾತ್ರೆಯಿಂದಲೇ ಸುರಿಯಿರಿ, ಮದ್ದಿನ ಡಬ್ಬಿಯಿಂದ ನೇರವಾಗಿ ಯಾವತ್ತೂ ಬೇಡ. ಹೊಗೆರಹಿತ ಮದ್ದು (ಈಗಿನ ತೋಟಾಗಳಲ್ಲಿರುವುದು) ಒಂದು ಚಿಟಿಕೆಯೂ ಬೇಡ.

ಜೇನುಮೇಣ:
ಬಟ್ಟೆ ಸರಿ, ಆದರೆ ಗುಂಡು ಸಿಕ್ಕಿಕೊಳ್ಳುವುದಕ್ಕೆ ಎಣ್ಣೆಯೂ ಕಾರಣ. ಕಪ್ಪು ಮದ್ದು ಉರಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಮಸಿಯಾಗಿಯೇ ಉಳಿಯುತ್ತದೆ. ಈ ಮಸಿ ನೀರು ಹೀರುತ್ತದೆ. ನಮ್ಮ ಮಳೆಗಾಲದಲ್ಲಾದರೆ ಮೆತ್ತಗೇ ಇರುತ್ತದೆ. ಅಲ್ಲಿನ ಒಣ ಚಳಿಯಲ್ಲಿ ಸೀದ ಪಾತ್ರೆಯ ತಳದ ಹಾಗೆ ಗಟ್ಟಿ ಕಟ್ಟುತ್ತದೆ. ಅದನ್ನು ಮೆತ್ತಗಿಡುವುದೇ ಎಣ್ಣೆಯ ಕೆಲಸ. ತೆಂಗಿನೆಣ್ಣೆ ಕೆಟ್ಟದ್ದಲ್ಲ, ಆದರೆ 24 ಡಿಗ್ರಿಗಿಂತ ಕೆಳಗೆ ಅದೇ ಹೆಪ್ಪುಗಟ್ಟುತ್ತದಲ್ವಾ? ಒಳಗೆ ಮೆಷಿನ್ ಆಯಿಲ್ ಉಳಿಸಿದ್ದೀರಾ? ಅದು ಮಸಿಯೊಂದಿಗೆ ಸೇರಿದರೆ ಡಾಂಬರು. ಹೊಡೆಯುವ ಮುಂಚೆ ಆಲ್ಕೋಹಾಲ್ ಬಟ್ಟೆಯಲ್ಲಿ ಒರೆಸಿ.

ಆಲಿವ್ ಎಣ್ಣೆಗೆ ಸ್ವಲ್ಪ ಜೇನುಮೇಣ ಕರಗಿಸಿ ಹಚ್ಚಿ. ಕುರಿ ಕೊಬ್ಬು ಸಿಕ್ಕರೆ ಇನ್ನೂ ಒಳ್ಳೆಯದು. ಜಿನುಗುವಷ್ಟು ಬೇಡ, ಮದ್ದು ಒದ್ದೆಯಾಗುತ್ತದೆ.

ಗಜಕಡ್ಡಿ:
ಗುರಿ ಅಭ್ಯಾಸಕ್ಕೆ ನಾನು ಬರೀ ಉಗುಳು ಹಚ್ಚುತ್ತೇನೆ. ಪುಕ್ಕಟೆ!

ಜೇನುಮೇಣ:
ಅಭ್ಯಾಸಕ್ಕೆ ಸರಿ. ಬೇಟೆಗೆ ಈಡು ತುಂಬಿ ಮೂರು ಗಂಟೆ ಕೂತರೆ ಅದೇ ಉಗುಳು ಹೆಪ್ಪುಗಟ್ಟಿರುತ್ತದೆ.

ಮಂಜಿನೂರು:
ಶನಿವಾರ ಹೊಡೆದೆ. ಒಗೆದ ಹಾಸಿಗೆ ಬಟ್ಟೆ, ಆಲಿವ್-ಮೇಣ, 65 ಗ್ರೇನ್. ಐದು ಗುಂಡು ಅಂಗೈ ಅಗಲದೊಳಗೆ! ಬಟ್ಟೆ ಇಡಿಯಾಗಿ ಸಿಕ್ಕಿತು, ಮೇಲೆ ಗಾಡಿಯ ಅಚ್ಚೂ ಇದೆ. ಮೂರು ಗುಂಡಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಒಂದೂ ಸಿಕ್ಕಿಕೊಳ್ಳಲಿಲ್ಲ. ಆದರೆ ಒರೆಸಿದ ಮೇಲೆ ಎರಡು ಸಲ ಕಿವಿಯ (ಹೊರಗೆ ಕಿಡಿ ಬೀಳುವ ಬಟ್ಟಲಿನ) ಮದ್ದು ಭುಗ್ಗೆಂದಿತು, ಒಳಗಿನದು ಹೊತ್ತಲೇ ಇಲ್ಲ. ಇದೇನು ಹೊಸ ತಕರಾರು?

ಗಜಕಡ್ಡಿ:
ಒದ್ದೆ ಬಟ್ಟೆ ಮಸಿಯನ್ನು ತಳಕ್ಕೆ ತಳ್ಳಿ, ಕಿವಿಯಿಂದ ಒಳಗೆ ಬೆಂಕಿ ಹೋಗುವ ಕಿಂಡಿ ಮುಚ್ಚಿದೆ. ತೇವ ಹಿಂಡಿ ತೆಗೆಯಿರಿ, ಹಿಂದೆಯೇ ಒಣ ಬಟ್ಟೆ ಹಾಕಿ. ಈಡು ತುಂಬುವ ಮುಂಚೆ ಕಿಂಡಿಗೆ ಸೂಜಿ ಚುಚ್ಚಿ ಬಿಡಿಸಿಕೊಳ್ಳಿ. ಇನ್ನೊಮ್ಮೆ ಹೊತ್ತದೇ ಹೋದರೆ ಒಂದು ನಿಮಿಷವಾದರೂ ಗುರಿಯ ಕಡೆಗೇ ಹಿಡಿದಿರಿ. ತಡವಾಗಿ ಹೊತ್ತುವುದೂ ಉಂಟು.