ರಸ್ತೆ ಬದಿ ಸತ್ತ ಬ್ಯಾಡ್ಜರ್ ಕಂಡರೆ ಯಾರಿಗೆ ಹೇಳೋದು?

ಪ್ರಶ್ನೆ: ನಾವು ಇಂಗ್ಲೆಂಡಿಗೆ ಹೊಸಬರು, ಡೆವನ್ ಕಡೆ ಇದ್ದೇವೆ. ಕೆಲಸಕ್ಕೆ ಹೋಗುವ ದಾರಿಯ ಒಂದೇ ತಿರುವಿನಲ್ಲಿ ಆಗಾಗ ಬ್ಯಾಡ್ಜರ್ (ಮುಖದ ಮೇಲೆ ಕಪ್ಪು ಬಿಳಿ ಪಟ್ಟೆ ಇರುವ, ಬಿಲದಲ್ಲಿ ಇರುವ ಕಾಡುಪ್ರಾಣಿ) ಸತ್ತು ಬಿದ್ದಿರುತ್ತದೆ. ಯಾರಿಗಾದರೂ ತಿಳಿಸಬೇಕಾ? ನಮ್ಮ ಕಾರಿಗೇ ಸಿಕ್ಕರೆ ಪೊಲೀಸರಿಗೆ ಹೇಳಬೇಕಾ?

ಬ್ರಿಸ್ಟಲ್‌ನಿಂದ: ಖಂಡಿತ ತಿಳಿಸಿ. ಒಂದೇ ಕಡೆ ಸಾಯುವುದಕ್ಕೆ ಕಾರಣ ಇದೆ. ಬಿಲದಿಂದ ಎರೆಹುಳು ಸಿಗುವ ಹುಲ್ಲುಗಾವಲಿಗೆ ಇವು ರಾತ್ರಿ ಹೊತ್ತು ಹಳೇ ಜಾಡು ಹಿಡಿದೇ ಓಡಾಡುತ್ತವೆ. ನಡುವೆ ರಸ್ತೆ ಬಂದರೂ ಜಾಡು ಬಿಡುವುದಿಲ್ಲ. ಬ್ರಿಟನ್‌ನಲ್ಲಿ ವರ್ಷಕ್ಕೆ ಸುಮಾರು 50,000 ಬ್ಯಾಡ್ಜರ್ ವಾಹನಕ್ಕೆ ಸಿಕ್ಕಿ ಸಾಯುತ್ತವೆ ಅಂತ ಅಂದಾಜು. ವಸಂತದ ಶುರುವಿನಲ್ಲಿ ಜಾಸ್ತಿ. ಇಂಥ ಜಾಗ ಎಲ್ಲಿದೆ ಅಂತ ಗೊತ್ತಾದರೆ ತಾನೇ ಅಲ್ಲಿ ಬೇಲಿ ಹಾಕಿ, ರಸ್ತೆ ಕೆಳಗೆ ಸುರಂಗ ಮಾಡಿ ಅಂತ ಕೇಳಲು ಆಗುವುದು?

ಬ್ಯಾಡ್ಜರ್‌ಗಳ ರಕ್ಷಣೆಗೆ ಇರುವ ಬ್ಯಾಡ್ಜರ್ ಟ್ರಸ್ಟ್‌ನವರು ಇಂಥ ಮಾಹಿತಿ ತೆಗೆದುಕೊಳ್ಳುತ್ತಾರೆ. ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಶುರುವಾದ ಪ್ರಾಜೆಕ್ಟ್ ಸ್ಪ್ಲಾಟರ್ ಕೂಡ ಇದೇ ಕೆಲಸದ್ದು, ಈಗ ಅದರ ಹೆಸರು ದಿ ರೋಡ್ ಲ್ಯಾಬ್. ತಾರೀಕು, ಮ್ಯಾಪ್‌ನಲ್ಲಿ ಸರಿಯಾದ ಜಾಗ, ಇಷ್ಟಿದ್ದರೆ ಸಾಕು. ಬರೀ ಊರಿನ ಹೆಸರು ಬರೆದರೆ ಉಪಯೋಗ ಕಮ್ಮಿ. ಫೋಟೋಗೋಸ್ಕರ ದೊಡ್ಡ ರಸ್ತೆಯಲ್ಲಿ ಕಾರು ನಿಲ್ಲಿಸಬೇಡಿ, ಮನೆಗೆ ಹೋಗಿ ಗುರುತು ಹಾಕಿದರಾಯಿತು.

ಲೀಡ್ಸ್‌ನಿಂದ: ಕಾನೂನಿನ ಮಾತು ನಾನು ಹೇಳುತ್ತೇನೆ. ಡಿಕ್ಕಿಯಾದರೆ ತಿಳಿಸಲೇಬೇಕು ಅಂತ 1988ರ ರಸ್ತೆ ಸಂಚಾರ ಕಾಯ್ದೆ ಹೇಳುವ ಪ್ರಾಣಿಗಳು ಕುದುರೆ, ದನ, ಕತ್ತೆ, ಹೇಸರಗತ್ತೆ, ಕುರಿ, ಹಂದಿ, ಮೇಕೆ, ನಾಯಿ. ಬ್ಯಾಡ್ಜರ್ ಇಲ್ಲ. ಬೆಕ್ಕೂ ಇಲ್ಲ ನೋಡಿ! ಹಾಗಂತ ಸುಮ್ನೆ ಹೋಗಬೇಡಿ. ಜೀವ ಇದ್ದರೆ ಪ್ರಾಣಿಗಳ ರಕ್ಷಣೆಯ ಸಂಸ್ಥೆ ಆರ್‌ಎಸ್‌ಪಿಸಿಎಗೋ ಹತ್ತಿರದ ಬ್ಯಾಡ್ಜರ್ ಗುಂಪಿಗೋ (ಬ್ಯಾಡ್ಜರ್‌ಗಳನ್ನು ಕಾಯುವ ಸ್ಥಳೀಯ ಸ್ವಯಂಸೇವಕರು) ಫೋನ್ ಮಾಡಿ. ಎತ್ತಲು ಮಾತ್ರ ಹೋಗಬೇಡಿ, ಗಾಯವಾದ ಬ್ಯಾಡ್ಜರ್ ಕಚ್ಚಿದರೆ ಕೈ ಉಳಿಯುವುದು ಕಷ್ಟ. ಹೆಣ ತೆಗೆಯುವುದು ಸ್ಥಳೀಯ ಆಡಳಿತದ, ಅಂದರೆ ಕೌನ್ಸಿಲ್ ಕೆಲಸ, ಮೋಟರ್‌ವೇ ಆದರೆ ಹೆದ್ದಾರಿ ನೋಡಿಕೊಳ್ಳುವ ನ್ಯಾಷನಲ್ ಹೈವೇಸ್‌ನವರದ್ದು.

ಶ್ರೂಸ್‌ಬರಿಯಿಂದ: ಒಂದು ಮಾತು ಬಿಟ್ಟುಹೋಯಿತು. ರಸ್ತೆ ಬದಿ ಬಿದ್ದದ್ದೆಲ್ಲ ಕಾರಿಗೆ ಸಿಕ್ಕಿದ್ದೇ ಅಂತ ಅಂದುಕೊಳ್ಳಬೇಡಿ. ನಾಯಿ ಬಿಟ್ಟು ಕೊಲ್ಲಿಸಿ, ಅಪಘಾತ ಅಂತ ಕಾಣಲಿ ಅಂತ ತಂದು ಎಸೆಯುವ ಪಾಪಿಗಳೂ ಇದ್ದಾರೆ. ಮೂತಿ, ಕಾಲಿನ ಮೇಲೆ ಕಚ್ಚಿದ ಗಾಯ, ಕುತ್ತಿಗೆ ಸುತ್ತ ತಂತಿ ಕೊಯ್ದ ಗುರುತು, ಒಂದೇ ಕಡೆ ಎರಡು ಮೂರು ಹೆಣ, ಇಂಥದ್ದು ಕಂಡರೆ ಮುಟ್ಟದೆ ಫೋಟೋ ತೆಗೆದು 101ಕ್ಕೆ (ತುರ್ತಲ್ಲದ ಪೊಲೀಸ್ ನಂಬರ್) ಫೋನ್ ಮಾಡಿ. ವನ್ಯಜೀವಿ ಅಪರಾಧ ಅಂತಲೇ ಹೇಳಿ. 1992ರ ಬ್ಯಾಡ್ಜರ್ ರಕ್ಷಣಾ ಕಾಯ್ದೆ ಪ್ರಕಾರ ಬ್ಯಾಡ್ಜರ್ ಕೊಲ್ಲುವುದೂ ಅದರ ಬಿಲ ಹಾಳುಮಾಡುವುದೂ ಅಪರಾಧ.

ಇನ್ನೊಂದು, ಮರಿ ಹುಟ್ಟುವುದು ಹೆಚ್ಚಾಗಿ ಫೆಬ್ರವರಿಯಲ್ಲಿ. ಆಮೇಲಿನ ಎರಡು ಮೂರು ತಿಂಗಳಲ್ಲಿ ಸತ್ತದ್ದು ಹಾಲೂಡುವ ತಾಯಿ ಅಂತ ಕಂಡರೆ ಬ್ಯಾಡ್ಜರ್ ಗುಂಪಿಗೆ ಅವತ್ತೇ ಹೇಳಿ. ಬಿಲದಲ್ಲಿ ಮರಿ ಹಸಿದಿರಬಹುದು, ಅವರು ಬಂದು ಕಾದು ನೋಡುತ್ತಾರೆ.